ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುತ್ತಿದ್ದೀರಾ? ನಿಮಗೂ ಸ್ವಲ್ಪ ಬಿಡುವು ಸಿಗಬೇಕಾದರೆ ಹೀಗೆ ಮಾಡಿ

ನಮ್ಮ ಅತ್ತೆಗೆ ಲಕ್ವ ಹೊಡೆದು ಮೂರು ವರ್ಷ ಆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮೊದಲ ವರ್ಷ ಪೂರ್ತಿ ನಾನೊಬ್ಬಳೇ ನೋಡಿಕೊಂಡೆ. ಯಾರಾದರೂ ಕೇಳಿದರೆ "ಪರವಾಗಿಲ್ಲ, ಆಗುತ್ತೆ" ಅಂತಲೇ ಹೇಳುತ್ತಿದ್ದೆ. ಒಂದು ದಿನ ಅವರನ್ನು ಕಮೋಡ್ ಕುರ್ಚಿಗೆ ಕೂರಿಸುವಾಗ ಸೊಂಟ ಹಿಡಿದುಕೊಂಡು ನಾನೇ ನಾಲ್ಕು ದಿನ ಮಲಗಿದೆ. ಬೆಳಗ್ಗೆ ಯಾವ ಮಾತ್ರೆ, ರಾತ್ರಿ ಯಾವುದು ಅಂತ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ನನ್ನ ತಲೆಯಲ್ಲೇ ಇತ್ತು. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಮೊದಲು ಅದನ್ನು ತಲೆಯಿಂದ ಇಳಿಸಿ ಕಾಗದದ ಮೇಲೆ ಇಡಿ. ಬಿಡುವು ಸಿಗುವುದು ಅದಾದ ಮೇಲೇ.

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಮಾತ್ರೆಗಳು: ಹೆಸರು, ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೋ. ಎರಡನೇ ಪುಟದಲ್ಲಿ ಡಾಕ್ಟರ್, ಮೆಡಿಕಲ್ ಶಾಪ್, ಆಂಬ್ಯುಲೆನ್ಸ್, ಪಕ್ಕದ ಮನೆ ನಂಬರ್. ಮೂರನೇ ಪುಟವೇ ಮುಖ್ಯ, ಅದನ್ನು ನಿಮ್ಮಷ್ಟು ಚೆನ್ನಾಗಿ ಯಾರೂ ಬರೆಯಲಾರರು. ನಮ್ಮ ಪುಸ್ತಕದಲ್ಲಿ ಹೀಗಿದೆ: "ಗಂಜಿ ಗಟ್ಟಿ ಇರಲಿ, ತೆಳು ಆದರೆ ಕೆಮ್ಮು ಬರುತ್ತೆ. ನೆಟ್ಟಗೆ ಕೂರಿಸಿ ತಿನ್ನಿಸಿ. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. 'ಅದು ಅದು' ಅಂದರೆ ಕನ್ನಡಕ ಬೇಕು ಅಂತ." ಇದನ್ನು ನೋಡಿಕೊಂಡು ನನ್ನ ಹದಿನಾರು ವರ್ಷದ ಮಗ ಈಗ ಒಂದು ಸಂಜೆ ಪೂರ್ತಿ ಅಜ್ಜಿಯನ್ನು ನೋಡಿಕೊಳ್ಳುತ್ತಾನೆ.

ಆಮೇಲೆ ಸಹಾಯ ಕೇಳುವುದು. "ಸ್ವಲ್ಪ ನೀವೂ ನೋಡಿಕೊಳ್ಳಿ" ಅಂದರೆ ಯಾರೂ ಬರುವುದಿಲ್ಲ. ಅವರು ಕೆಟ್ಟವರು ಅಂತಲ್ಲ, ಏನು ಮಾಡಬೇಕು ಅಂತ ಅವರಿಗೆ ತಿಳಿಯುವುದಿಲ್ಲ. ದಿನ, ಗಂಟೆ, ಕೆಲಸ ಮೂರನ್ನೂ ಹೇಳಿ ಕೇಳಿ. ನಾನು ಕಳಿಸಿದ ಮೊದಲ ಮೆಸೇಜ್ ಇದು: "ಭಾವ, ಈ ಭಾನುವಾರ ಬೆಳಗ್ಗೆ 9ರಿಂದ 1ರವರೆಗೆ ಅತ್ತೆ ಹತ್ತಿರ ನೀವು ಇರಬೇಕು. ತಿಂಡಿ ಕೊಟ್ಟೇ ಹೋಗುತ್ತೇನೆ. 11ಕ್ಕೆ ಒಂದು ಮಾತ್ರೆ ಇದೆ, ಪುಸ್ತಕದಲ್ಲಿ ಬರೆದಿದ್ದೇನೆ." ಬಂದರು. ದೂರದೂರಲ್ಲೋ ಹೊರದೇಶದಲ್ಲೋ ಇರುವವರಿಗೂ ಕೆಲಸ ಇದೆ. ಡೈಪರ್, ಮಾತ್ರೆ ಆನ್‌ಲೈನ್‌ನಲ್ಲಿ ತರಿಸುವುದು, ಇನ್ಶೂರೆನ್ಸ್ ಕಾಗದ ನೋಡುವುದು, ತಿಂಗಳಿಗೆ ಎರಡು ರಾತ್ರಿ ಹೋಮ್ ನರ್ಸ್ ದುಡ್ಡು ಕೊಡುವುದು. ವಿಡಿಯೋ ಕಾಲ್‌ನಲ್ಲಿ ಅಮ್ಮನನ್ನು ನೋಡಿ ಅತ್ತರೆ ನಿಮ್ಮ ಭಾರ ಇಳಿಯುವುದಿಲ್ಲ, ಹಾಗಾಗಿ ಸಂಕೋಚ ಬಿಟ್ಟು ಕೇಳಿ.

ಸೊಂಟದ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಾನು ಕಲಿತದ್ದು ನೋವು ತಿಂದ ಮೇಲೆ. ಲಕ್ವ ಆದವರನ್ನು ಕಂಕುಳಿಗೆ ಕೈ ಹಾಕಿ ಎತ್ತಬಾರದು. ಸ್ವಾಧೀನ ಇಲ್ಲದ ಕೈ ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ. ಕುರ್ಚಿಯನ್ನು ಅವರ ಸ್ವಾಧೀನ ಇರುವ ಕೈಕಾಲಿನ ಕಡೆ ಇಡಿ. ಅವರು ಮಂಚದ ಅಂಚಿಗೆ ಸರಿದು ಕೂತು, ಎರಡೂ ಪಾದ ನೆಲಕ್ಕೆ ಊರಿ, ಮುಂದಕ್ಕೆ ಬಾಗಬೇಕು. ನೀವು ಎದುರಿಗೆ ಹತ್ತಿರ ನಿಂತು, ಕಾಲು ಅಗಲಿಸಿ ಮಂಡಿ ಬಗ್ಗಿಸಿ, ಅವರ ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟ್ ಹಿಡಿದು, ಒಂದು ಎರಡು ಮೂರು ಅಂತ ಎಣಿಸಿ ಇಬ್ಬರೂ ಒಟ್ಟಿಗೆ ಏಳಿ. ಬೆನ್ನು ಬಗ್ಗಿಸಬೇಡಿ. ಫಿಸಿಯೋಥೆರಪಿಸ್ಟ್ ಮನೆಗೆ ಬಂದಾಗ ಒಂದು ದಿನ "ಇವತ್ತು ನನಗೆ ಹೇಳಿಕೊಡಿ" ಅಂತ ಕೇಳಿ, ಅವರ ಮುಂದೆಯೇ ನಾಲ್ಕು ಸಲ ಮಾಡಿ ನೋಡಿ. ಕಾಲೇ ಊರಲಾಗದವರನ್ನು ಒಬ್ಬರೇ ಎತ್ತುವ ಪ್ರಯತ್ನ ಬೇಡ.

ನಿದ್ದೆ ಕೆಟ್ಟರೆ ಎಲ್ಲ ಕೆಡುತ್ತದೆ. ಮೂತ್ರ ಹೋಗುವ ಮಾತ್ರೆಯನ್ನು ಸಂಜೆ ಕೊಡುತ್ತಿದ್ದರೆ ಬೆಳಗ್ಗೆಗೆ ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಪೂರ್ತಿ ಹಾಸಿಗೆ ಹಿಡಿದವರಿಗೆ ಹುಣ್ಣಾಗದ ಹಾಗೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳುತ್ತಾರೆ. ಏರ್ ಬೆಡ್ ತಂದರೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ, ಆದರೆ ರಾತ್ರಿ ಎಷ್ಟು ಹೊತ್ತು ಬಿಡಬಹುದು ಅಂತ ಕೇಳಬಹುದು. ರಾತ್ರಿಯನ್ನು ಇಬ್ಬರು ಹಂಚಿಕೊಳ್ಳಿ. ಎರಡರವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಗಂಡಸರು ಬೆಳಗ್ಗೆ ಕೆಲಸಕ್ಕೆ ಹೋಗಬೇಕು ಅನ್ನುವ ಮಾತು ಬರುತ್ತದೆ. ನೀವೂ ಬೆಳಗ್ಗೆ ಎದ್ದು ಕೆಲಸವೇ ಮಾಡುವುದು ಅಲ್ವಾ.

ಇನ್ನು ಸಿಟ್ಟು. ಒಂದು ರಾತ್ರಿ ಎರಡೂವರೆಗೆ ಅತ್ತೆ ಆರನೇ ಸಲ "ಮನೆಗೆ ಹೋಗೋಣ" ಅಂದಾಗ ನಾನು ಕಿರುಚಿಬಿಟ್ಟೆ. ಅವರು ಎಡಗೈಯಲ್ಲಿ ಕಣ್ಣು ಮುಚ್ಚಿಕೊಂಡರು. ಮರುದಿನ ಪರೀಕ್ಷೆ ಮಾಡಿಸಿದರೆ ಮೂತ್ರದ ಸೋಂಕು ಇತ್ತು. ವಯಸ್ಸಾದವರು ಒಂದೆರಡು ದಿನದೊಳಗೆ ಇದ್ದಕ್ಕಿದ್ದ ಹಾಗೆ ಗೊಂದಲಕ್ಕೆ ಬಿದ್ದರೆ ವಯಸ್ಸಿನ ಕಾರಣ ಅಂತ ಸುಮ್ನೆ ಬಿಡಬೇಡಿ, ಬೇಗ ಡಾಕ್ಟರಿಗೆ ತೋರಿಸಿ. ಸೋಂಕು, ನೀರು ಸಾಲದಿರುವುದು, ಹೊಸ ಮಾತ್ರೆ, ಏನಾದರೂ ಇರಬಹುದು. ಮಾತು ಹೊಸದಾಗಿ ತೊದಲಿದರೆ, ಬಾಯಿ ಸೊಟ್ಟಗಾದರೆ ಮಾತ್ರ ಕಾಯಲೇಬೇಡಿ, ನೇರ ಆಸ್ಪತ್ರೆಗೆ. ನಿಮಗೆ ಕೈ ಎತ್ತುವಷ್ಟು ಸಿಟ್ಟು ಬಂತಾ? ಅವರು ಬೀಳದ ಹಾಗೆ ಮಲಗಿಸಿ, ಹೊರಗೆ ಹೋಗಿ ಐದು ನಿಮಿಷ ನಿಲ್ಲಿ. ತಪ್ಪಲ್ಲ. ವಾರಗಟ್ಟಲೆ ಅಳು, ಊಟ ಸೇರದಿರುವುದು, ಬದುಕೇ ಬೇಡ ಅನಿಸುವುದು ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪಿಂಚಣಿ, ವೃದ್ಧಾಶ್ರಮ, ಹಿರಿಯರ ಕಾನೂನು ಇಂಥ ವಿಷಯಕ್ಕೆ ಎಲ್ಡರ್‌ಲೈನ್ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ.

ನಿಮ್ಮ ಬಿಪಿ, ಶುಗರ್ ಪರೀಕ್ಷೆಯ ದಿನಾಂಕವನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.

ಕೊನೆಗೆ, ಹೊರಗೆ ಹೋಗಲು ಶುರು ಮಾಡುವುದು ಹೇಗೆ ಅಂತ. ಒಮ್ಮೆಲೇ ಇಡೀ ದಿನ ಬೇಡ. ಮೊದಲ ವಾರ ಅರ್ಧ ಗಂಟೆ, ಬೀದಿ ಕೊನೆಯವರೆಗೆ. "ನಾಲ್ಕೂವರೆಗೆ ಬರುತ್ತೇನೆ" ಅಂತ ಗಡಿಯಾರ ತೋರಿಸಿ ಹೇಳಿ, ಹೇಳಿದ ಹೊತ್ತಿಗೇ ಬನ್ನಿ. ನಮ್ಮ ಅತ್ತೆ ಮೊದಲ ದಿನ ಅತ್ತರು. ಮೂರನೇ ವಾರ ಗಡಿಯಾರ ನೋಡಿ ಕೂತಿದ್ದರು. ಈಗ ಬುಧವಾರ ನಾಲ್ಕು ಗಂಟೆ ಆದರೆ ನನ್ನ ಚಪ್ಪಲಿ ಕಡೆಗೆ ಅವರೇ ಕೈ ತೋರಿಸುತ್ತಾರೆ.