ಹೆಬ್ಬೆರಳ ಬುಡದಲ್ಲಿ ಗಂಟು ಇರುವವರು ಗಂಬೂಟ್ ಕೊಳ್ಳುವ ಮೊದಲು ಓದಿ

ಮಳೆ ಹಿಡಿಯಿತು ಅಂದರೆ ನಮ್ಮ ಮಲೆನಾಡಲ್ಲಿ ತೋಟ, ಗದ್ದೆಗೆ ಹೋಗುವವರಿಗೆಲ್ಲ ದಿನವಿಡೀ ಗಂಬೂಟ್, ಅದಕ್ಕೇ ಇದನ್ನು ಈಗಲೇ ಹೇಳುತ್ತಿದ್ದೇನೆ. ಕಾಲಿನ ಹೆಬ್ಬೆರಳು ಪಕ್ಕದ ಬೆರಳ ಕಡೆ ವಾಲಿ, ಬುಡದ ಮೂಳೆ ಹೊರಗೆ ಉಬ್ಬಿ ನೋಯುತ್ತದಲ್ಲ, ಅದೇ ಬನಿಯನ್. ಎಷ್ಟೋ ಜನರಿಗೆ ಪಾದದ ರಚನೆಯೇ ಕಾರಣ, ಅಮ್ಮ ಅಜ್ಜಿಗೂ ಇರುತ್ತದೆ. ಮುಂದುಗಡೆ ಇಕ್ಕಟ್ಟಾದ ಬೂಟು, ಹೈ ಹೀಲ್ಸ್ ಅದನ್ನು ಜಾಸ್ತಿ ಮಾಡುತ್ತವೆ.

ಅಂಗಡಿಗೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಮನೆಯಲ್ಲೇ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಕತ್ತರಿಸಿ ತೆಗೆದುಕೊಂಡು ಹೋಗಿ, ಬೂಟಿನ ತಳಕ್ಕೆ ಹಿಡಿದು ನೋಡಿ. ಕಾಗದ ಹೊರಗೆ ಚಾಚಿದರೆ ಆ ಜೊತೆ ಬೇಡವೇ ಬೇಡ, ಎಷ್ಟೇ ಅಗ್ಗ ಇರಲಿ. ಗಂಬೂಟನ್ನು ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಬೇಕು.

ನೋವಿದ್ದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ 10-15 ನಿಮಿಷ ಇಡಿ. ಸಿಲಿಕೋನ್ ಪ್ಯಾಡ್ ಉಜ್ಜುವುದನ್ನು ತಪ್ಪಿಸುತ್ತದೆ, ಆದರೆ ಬೂಟು ಅಗಲ ಇಲ್ಲದಿದ್ದರೆ ಅದೇ ಇನ್ನಷ್ಟು ಒತ್ತುತ್ತದೆ. ರಾತ್ರಿ ಕಟ್ಟುವ ಪಟ್ಟಿಯಿಂದ ಬೆರಳು ಶಾಶ್ವತವಾಗಿ ನೇರ ಆಗುತ್ತದೆ ಅಂತ ನಂಬಿ ಸುಮ್ನೆ ದುಡ್ಡು ಸುರಿಯಬೇಡಿ.

ಸಕ್ಕರೆ ಕಾಯಿಲೆ ಇರುವವರು ಮೊದಲು ಡಾಕ್ಟರಿಗೆ ತೋರಿಸಿ. ಗಂಟು ಒಂದೇ ರಾತ್ರಿಯಲ್ಲಿ ಕೆಂಪಾಗಿ ಬಿಸಿಯಾಗಿ ಊದಿದರೂ ಅಷ್ಟೇ, ಅದು ಯೂರಿಕ್ ಆಸಿಡ್‌ನಿಂದ ಬರುವ ಗೌಟ್ ಅಥವಾ ಸೋಂಕು ಇರಬಹುದು.