ಟೆಕ್ಸ್ಚರ್ ಸೀಲಿಂಗಿಗೆ ಮನೇಲೇ ಪೇಂಟ್ ಹೊಡ್ದಿದ್ದು - ನನ್ನ ಅನುಭವ

ಕಾರವಾರದಲ್ಲಿ ಸೀಲಿಂಗಿಗೆ ಪೇಂಟ್ ಹೊಡೀಬೇಕು ಹೇಳಿದ್ರೆ ಮೊದ್ಲು ಕ್ಯಾಲೆಂಡರ್ ನೋಡ್ಬೇಕು. ಜೂನಿಂದ ಸೆಪ್ಟೆಂಬರ್ ತನಕ ಸ್ಲ್ಯಾಬು ನೀರು ಕುಡ್ದು ಕೂತಿರ್ತದೆ, ಮಳೆ ನಿಂತ್ರೂ ಒಳಗಿನ ಪಸೆ ಬೇಗ ಆರೋದಿಲ್ಲ, ಅದ್ರಲ್ಲೂ ನಮ್ಮನೆ ಇರೋದು ಕೋಡಿಬಾಗದಲ್ಲಿ, ಒಂದು ಬದಿ ಕಾಳಿ ನದಿ ಇನ್ನೊಂದು ಬದಿ ಸಮುದ್ರ. ಹಾಗಾಗಿ ದೀಪಾವಳಿ ಕಳೀಲಿ ಹೇಳಿ ಕಾದು ಡಿಸೆಂಬರಲ್ಲಿ ಕೈ ಹಾಕಿದೆ.

ಹಾಲ್‌ನ ಸೀಲಿಂಗು ಹಲಸಿನಕಾಯಿ ಸಿಪ್ಪೆ ಥರ ಮುಳ್ಳುಮುಳ್ಳಾಗಿ ಇರೋದು, ಮನೆ ಕಟ್ಟಿದಾಗ್ಲೇ ಮಾಡ್ಸಿದ್ದು. ಕೆರೆದು ಪ್ಲೇನ್ ಮಾಡ್ಸು ಹೇಳಿ ಸುಮಾರು ಜನ ಹೇಳಿದ್ರು, ನಂಗೆ ಒಪ್ಪಿಗೆ ಆಗ್ಲಿಲ್ಲ. ಸ್ಲ್ಯಾಬಿನ ಏರು ತಗ್ಗು, ಕೂದಲೆಳೆ ಬಿರುಕು ಎಲ್ಲ ಆ ಟೆಕ್ಸ್ಚರ್ ಮುಚ್ಚಿರ್ತದೆ, ಕೆರೆದ್ರೆ ಮನೆ ತುಂಬ ಧೂಳು, ಮೇಲಿಂದ ಪುಟ್ಟಿ ಖರ್ಚು ಬೇರೆ. (ಅಮೇರಿಕದ ವಿಡಿಯೋಗಳಲ್ಲಿ ಕೆರೀಬೇಡಿ ಅಂತ ಹೆದರ್ಸೋದಕ್ಕೆ ಕಾರಣ ಬೇರೆ, ಅಲ್ಲಿ ಹಳೇ ಸೀಲಿಂಗುಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, 1978ರಲ್ಲಿ ಹಾಗೆ ಸ್ಪ್ರೇ ಮಾಡೋದನ್ನ ನಿಲ್ಲಿಸಿದ್ರು.)

ಎಲ್ಲಕ್ಕಿಂತ ಮುಖ್ಯ ನೀರಿನ ಪರೀಕ್ಷೆ, ಇದನ್ನ ದಯವಿಟ್ಟು ಯಾರೂ ಬಿಡ್ಬೇಡಿ. ಕಪಾಟಿನ ಮೇಲೆ ಯಾರಿಗೂ ಕಾಣದ ಮೂಲೇಲಿ ಸ್ವಲ್ಪ ನೀರು ಸ್ಪ್ರೇ ಮಾಡಿ ಹತ್ತು ನಿಮಿಷ ಬಿಟ್ಟು ಬೆರಳಲ್ಲಿ ಒತ್ತಿ ನೋಡಿದೆ, ಬೆರಳಿಗೆ ಬಿಳಿ ಪೇಸ್ಟು ಹತ್ತಿತು, ಮುಳ್ಳಿನ ತುದಿ ಮೆತ್ತಗಾಗಿತ್ತು. ಅಂದ್ರೆ ಆ ಟೆಕ್ಸ್ಚರ್ ನೀರಿಗೆ ಕರಗ್ತದೆ, ಅದ್ರ ಮೇಲೆ ಸೀದಾ ನೀರಿನ ಎಮಲ್ಷನ್ ಪೇಂಟ್ ಹಚ್ಚಿದ್ರೆ ಪೇಂಟಿನ ನೀರನ್ನೇ ಕುಡ್ದು ಉಬ್ಬಿ ರೋಲರಿಗೆ ಅಂಟ್ಕಂಡು ಕಿತ್ಕಂಡು ಬರ್ತದೆ. ಅದಕ್ಕೇ ಮೊದ್ಲು ಆಯಿಲ್ ಪ್ರೈಮರ್ (ಪೇಂಟಿಗಿಂತ ಮೊದ್ಲು ಹಚ್ಚೋ, ನೀರಿಲ್ಲದ ಅಡಿ ಬಣ್ಣ) ಒಂದು ಕೋಟು ಕೊಟ್ಟೆ. ವಾಸನೆ ಜೋರು, ಕಿಟಕಿ ಬಾಗ್ಲು ಎಲ್ಲ ತೆಗ್ದಿಡ್ಬೇಕು, ಒಲೆ ಹತ್ಸೋ ಹಾಗಿಲ್ಲ. ಆದ್ರೆ ಅದೇ ಪ್ರೈಮರು ಟ್ಯಾಂಕಿನ ಮೂಲೆಯ ಕಂದು ಕಲೆನೂ ತಡೀತದೆ, ಬರೀ ಎಮಲ್ಷನ್ ಎಷ್ಟು ಹೊಡೆದ್ರೂ ಆ ಕಲೆ ಮತ್ತೆ ಹೊರಗೆ ಬರ್ತದೆ. ಸೋರೋದನ್ನ ಮಾತ್ರ ಮೊದ್ಲೇ ನಿಲ್ಲಿಸ್ಕಳಿ, ಒದ್ದೆ ಸ್ಲ್ಯಾಬಿಗೆ ಯಾವ ಪ್ರೈಮರೂ ನಿಲ್ಲೋದಿಲ್ಲ.

ಕಿಟಕಿ ಕಡೆ ಕಪ್ಪು ಬೂಷ್ಟು ಹಿಡಿದಿತ್ತು. ಅದಕ್ಕೆ ಪ್ರೈಮರಿಗಿಂತ ಮೊದ್ಲೇ ಲಿಕ್ವಿಡ್ ಬ್ಲೀಚಿಗೆ ಮೂರು ಪಾಲು ನೀರು ಹಾಕಿ, ಕನ್ನಡಕ ಗ್ಲೌಸು ಹಾಕ್ಕಂಡು, ತೆಳ್ಳಗೆ ಸ್ಪ್ರೇ ಮಾಡಿ ಬಿಟ್ಟೆ. ತಿಕ್ಕೋ ಹಾಗಿಲ್ಲ, ಮುಳ್ಳು ಉದುರ್ತದೆ. ಯಾವ ಆಸಿಡ್ಡೂ ಬ್ಲೀಚಿನ ಜೊತೆ ಬೆರೆಸ್ಬೇಡಿ. ಪೂರ್ತಿ ಒಣಗಿದ ಮೇಲೇ ಮುಂದಿನ ಕೆಲಸ.

ಕೆಳಗೆ ಹಾಸೋಕೆ ಆಯಿ ಹಳೇ ಸೀರೆಗಳನ್ನ ಕೊಟ್ರು, ಪ್ಲಾಸ್ಟಿಕ್ಕಿಗಿಂತ ಎಷ್ಟೋ ಚಲೋ, ಬಿದ್ದ ಹನಿ ಹೀರ್ಕಳ್ತದೆ, ಕಾಲೂ ಜಾರೋದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಫ್ಯಾನಿನ ಮೇಲಿನ ಮುಚ್ಚಳ ಕೆಳಗಿಳಿಸ್ದೆ. ಗೋಡೆ ಸೇರೋ ಅಂಚಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಸುತ್ತಲೂ ಮೆಲ್ಲಗೆ ಗೀರಿದ್ರೆ ಸಣ್ಣ ಗೆರೆ ಬೀಳ್ತದೆ, ಆಮೇಲೆ ಬ್ರಶ್ ಆ ಗೆರೇಲೇ ಓಡ್ತದೆ, ಪೇಂಟು ಗೋಡೆಗೆ ಇಳಿಯೋದಿಲ್ಲ.

ಸ್ಪಂಜಿನ ರೋಲರ್ ತಗೋಬೇಡಿ ಮಾರಾಯ್ರೆ. ಉದ್ದ ಕೂದಲಿಂದು, 18-20 ಎಂಎಂ ಇರೋದು ಕೇಳಿ ತಗೊಳ್ಳಿ, ಅದು ಮುಳ್ಳಿನ ಸಂದಿ ಒಳಗೆ ಹೋಗ್ತದೆ. ಪೇಂಟು ಪೂರ್ತಿ ಮ್ಯಾಟ್ ಇರ್ಲಿ, ಹೊಳಪಿಂದಾದ್ರೆ ಸಂಜೆ ಲೈಟ್ ಹಾಕಿದಾಗ ಪ್ರತಿ ಗುಂಜೂ ಎದ್ದು ಕಾಣ್ತದೆ. ಅಂಗಡಿಯವ್ರು ಪ್ಲೇನ್ ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಕಾಲು ಭಾಗನಾದ್ರೂ ಜಾಸ್ತಿ ಬೇಕು.

ಹೊಡೆಯೋವಾಗ ಕೈ ಹಗುರ ಇರ್ಬೇಕು. ಮೂರಡಿ ಮೂರಡಿ ಜಾಗ ಹಿಡ್ದು, ಒಂದೇ ದಿಕ್ಕಿಗೆ ಉರುಳ್ಸಿ ಮುಂದೆ ಹೋಗ್ತಾ ಇರೋದು, ಬಿಟ್ಟು ಹೋಗಿದೆ ಅನ್ಸಿದ್ರೂ ಅರ್ಧ ಒಣಗಿದ್ದಕ್ಕೆ ತಿರುಗಿ ಬರೋ ಹಾಗಿಲ್ಲ, ಆಗ್ಲೇ ಟೆಕ್ಸ್ಚರ್ ಏಳೋದು. ಬಿಟ್ಟಿದ್ದು ಎರಡನೇ ಕೋಟಿಗೆ ಸಿಗ್ತದೆ, ಅದನ್ನ ಅಡ್ಡ ದಿಕ್ಕಿಗೆ ಹೊಡೀಬೇಕು, ಯಾಕಂದ್ರೆ ಮೊದಲ ಕೋಟಲ್ಲಿ ಪ್ರತಿ ಮುಳ್ಳಿನ ಒಂದು ಮೈ ಬಿಳಿ ಆಗಿ ಇನ್ನೊಂದು ಮೈ ಹಾಗೇ ಇರ್ತದೆ. ಬಿಳಿ ಮೇಲೆ ಬಿಳಿ ಕಣ್ಣಿಗೆ ಗೊತ್ತಾಗೋದಿಲ್ಲ, ನಾನು ಏಣಿ ಮೇಲೆ ನಿಂತು ಟಾರ್ಚನ್ನ ಸೀಲಿಂಗಿಗೆ ತಾಗೋ ಹಾಗೆ ಅಡ್ಡ ಹಿಡ್ದೆ, ಆಗ ಕಂಡ್ತು ನೋಡಿ, ಮುಳ್ಳಿನ ಹಿಂದೆಲ್ಲ ಹಳೇ ಹಳದಿ ಬಣ್ಣ. ಎರಡನೇ ಕೋಟಿಗೆ ಅಷ್ಟೂ ಮುಚ್ಚಿ ಹೋಯ್ತು, ನಂಗೆ ಆದ ಖುಷಿ ಅಷ್ಟಿಷ್ಟಲ್ಲ.

ಉಳಿದ ಪೇಂಟನ್ನ ಸಣ್ಣ ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಮಾಡಿ ಇಟ್ಟಿದೀನಿ, ಮುಂದಿನ ಮಳೆಗಾಲ ಆದ್ಮೇಲೆ ಎಲ್ಲಾದ್ರೂ ಕಲೆ ಎದ್ರೆ ಟಚಪ್ಪಿಗೆ ಬೇಕಾಗ್ತದೆ. ಇಲ್ಲಣ ತೆಗೆಯೋಕೆ ಮೆತ್ತಗಿನ ಒಣ ಬ್ರಶ್ ಮಾತ್ರ, ಒದ್ದೆ ಬಟ್ಟೆ ಮುಟ್ಟಿಸೋದಿಲ್ಲ.