ಹಳೆಯ ಮಿಗ್ ವೆಲ್ಡರ್‌ನಲ್ಲಿ ತಂತಿ ತಡೆತಡೆದು ಬಂದರೆ

ಮನೆಬಳಕೆಯ ಹಳೆಯ ಮಿಗ್ ಯಂತ್ರದಲ್ಲಿ (ಸುರುಳಿಯಿಂದ ತಂತಿಯನ್ನು ತಾನೇ ಉಣಿಸುತ್ತಾ ಬೆಸುಗೆ ಹಾಕುವ ಯಂತ್ರ) ತಂತಿ ತಡೆತಡೆದು ಬರತೊಡಗಿದರೆ ಹಲವರು ಮೊದಲು ತಂತಿಯನ್ನು ಮುಂದಕ್ಕೆ ತಳ್ಳುವ ರೋಲರ್‌ನ ತಿರುಪನ್ನು ಬಿಗಿಗೊಳಿಸುತ್ತಾರೆ. ಇದು ಸರಿಯಲ್ಲ, ಒತ್ತಡ ಮಿತಿಮೀರಿದರೆ ತಂತಿ ಚಪ್ಪಟೆಯಾಗಿ ಮುಂದೆ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ.

ಪ್ಲಗ್ ಕಿತ್ತು, ರೋಲರ್‌ನ ಒತ್ತಡ ಸಡಿಲಿಸಿ, ಗನ್ನಿನ ಕೇಬಲ್ಲನ್ನು ನೆಲದ ಮೇಲೆ ನೇರವಾಗಿ ಹಾಸಿ, ತುದಿಯ ತಂತಿಯನ್ನು ಇಕ್ಕಳದಿಂದ ಹಿಡಿದೆಳೆಯಿರಿ. ಬಿಗಿಯೆನಿಸಿದರೆ ಕಾಂಟ್ಯಾಕ್ಟ್ ಟಿಪ್, ಅಂದರೆ ಗನ್ನಿನ ತುದಿಯಲ್ಲಿ ತಂತಿ ಹೊರಬರುವ ಮೂತಿಯನ್ನು ಬಿಚ್ಚಿ ಪುನಃ ಎಳೆಯಿರಿ. ಈಗ ಸಲೀಸಾಗಿ ಬಂದರೆ ದೋಷ ಟಿಪ್ಪಿನದು. ಅದನ್ನು ಕೆರೆದು ಉಳಿಸಿಕೊಳ್ಳುವುದಕ್ಕಿಂತ ಬದಲಾಯಿಸುವುದೇ ಲೇಸು.

ಆಗಲೂ ಬಿಗಿಯಾಗಿದ್ದರೆ ಸುರುಳಿಯ ಬ್ರೇಕನ್ನು ನೋಡಿ. ಟ್ರಿಗರ್ ಬಿಟ್ಟಾಗ ಸುರುಳಿ ತಾನೇ ತಿರುಗಿ ಬಿಚ್ಚಿಕೊಳ್ಳದಿರುವಷ್ಟು ಬಿಗಿ ಸಾಕು. ಉಳಿದದ್ದು ಲೈನರ್, ಅಂದರೆ ಕೇಬಲ್ಲಿನೊಳಗೆ ತಂತಿ ಸಾಗುವ ಕೊಳವೆ. ಅದರೊಳಗೆ ತಾಮ್ರದ ಪುಡಿ, ತುಕ್ಕು, ಧೂಳು ಸೇರಿ ಗಟ್ಟಿಯಾಗಿರುತ್ತವೆ. ತಂತಿಯನ್ನು ಪೂರ್ತಿ ಹೊರತೆಗೆದು, ಕನ್ನಡಕ ಧರಿಸಿ, ಕಂಪ್ರೆಸರ್ ಗಾಳಿ ಹಾಯಿಸಿ. ಎಣ್ಣೆಯನ್ನಂತೂ ಹಾಕಬೇಡಿ, ಅದು ಧೂಳನ್ನು ಹಿಡಿಯುವುದಲ್ಲದೆ ಬೆಸುಗೆಯಲ್ಲಿ ಸಣ್ಣ ರಂಧ್ರಗಳನ್ನೂ ಉಂಟುಮಾಡುತ್ತದೆ. ಕೇಬಲ್ ಮಡಚಿ ಲೈನರ್ ನುಲಿದಿದ್ದರೆ ಹೊಸದೇ ಬೇಕು.

ರೋಲರ್‌ನ ಎರಡು ಅಂಚಿನಲ್ಲಿ ಸಾಮಾನ್ಯವಾಗಿ 0.6 ಮತ್ತು 0.8 ಮಿ.ಮೀ. ತೋಡುಗಳಿರುತ್ತವೆ. 0.6ರ ತಂತಿ 0.8ರ ತೋಡಿನಲ್ಲಿ ಕುಳಿತರೆ ಜಾರುತ್ತಲೇ ಇರುತ್ತದೆ. ರೋಲರನ್ನು ತಿರುಗಿಸಿ ಹಾಕಿದರೆ ಸಾಕು.

ಕೊನೆಗೆ ಒತ್ತಡ. ಯಂತ್ರ ಚಾಲೂ ಮಾಡಿ, ಕೈಗವಸು ತೊಟ್ಟು, ಗನ್ನನ್ನು ಓರೆಯಾಗಿ ಹಿಡಿದು ತಂತಿಯನ್ನು ಒಣಮರದ ತುಂಡಿಗೆ ತಾಗಿಸಿ. ತಂತಿ ನಿಲ್ಲದೆ ಬಾಗಿ ಸುರುಳಿಯಾಗುವವರೆಗೆ ತಿರುಪನ್ನು ಸ್ವಲ್ಪಸ್ವಲ್ಪವೇ ಬಿಗಿಗೊಳಿಸಿ, ಅಲ್ಲಿಗೇ ನಿಲ್ಲಿಸಿ.